ಹೇಮಾವತಿ ಕೊನೆಗೆ ಎಲ್ಲಿಗೆ ಹೋದಳು?

ಬಸ್ಸು ಕೆಟ್ಟು ದಾರಿಯಲ್ಲೇ ನಿಲ್ಲಬಹುದು. ನಿಲ್ಲದಿದ್ದರೆ ಹೊಳೆ ಏರಿ ನಾವು ಈಚೆ ದಡದಲ್ಲೇ ಉಳಿಯಬಹುದು. (ಡಿಸೆಂಬರಿನಲ್ಲಿ ಹೊಳೆ ಏರುವುದಿಲ್ಲ ಎಂದು ಮನೆಯವಳು ಹೇಳಿದಳು. ಹಾಗೆಂದು ಹೊಳೆ ಹೇಳಿದೆಯೇ?) ಕನ್ನಡಕ ಒಡೆಯಬಹುದು. ಗಂಟಲು ಕಟ್ಟಬಹುದು. ಸಭೆಗೆ ಒಬ್ಬರೂ ಬಾರದಿರಬಹುದು. ಅದಕ್ಕಿಂತ ಭಯಂಕರವೆಂದರೆ, ಎಲ್ಲರೂ ಬಂದುಬಿಡಬಹುದು. ಮಾತಿನ ನಡುವೆ ಪಂಚೆ ಸಡಿಲಾಗಬಹುದು. ಇವೆಲ್ಲ ತಪ್ಪಿದರೂ, ನನ್ನ ಭಾಷಣ ಕೇಳಿ ಭಾವೀ ಬೀಗರಿಗೆ ಸಿಟ್ಟು ಬಂದು ಮಗಳಿಗೆ ಕೂಡಿಬಂದ ಸಂಬಂಧ ಅಲ್ಲೇ ಮುರಿದು ಬೀಳಬಹುದು.

ಕಳೆದ ಭಾನುವಾರ ಪುತ್ತೂರಿನಿಂದ ಕಡಬಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು ನಾನು ಮಾಡಿದ ಕೆಲಸ ಇಷ್ಟೇ. ಪಕ್ಕದಲ್ಲಿ ಮನೆಯವಳು ನೆಮ್ಮದಿಯಾಗಿ ತೂಕಡಿಸುತ್ತಿದ್ದಳು. ನಮ್ಮ ಮನೆಯಲ್ಲಿ ಚಿಂತೆಯ ಡಿಪಾರ್ಟ್‌ಮೆಂಟು ಪೂರ್ತಿ ನನ್ನದು.

ಸಂಗತಿ ಹೀಗೆ. ನಮ್ಮ ಮಗಳು ಸುಶೀಲೆ ಬೆಟ್ಟಂಪಾಡಿ ಕಡೆಯ ಒಂದು ಶಾಲೆಯಲ್ಲಿ ಟೀಚರು. ಅವಳಿಗೆ ಇಚಿಲಂಪಾಡಿಯ ಕೃಷ್ಣಯ್ಯನವರ ಮಗನ ಪ್ರಸ್ತಾಪ ಬಂದಿದೆ. ಹುಡುಗ ಒಳ್ಳೆಯವನು. ಆದರೆ ಅಪ್ಪ ಎದುರಿಗಿದ್ದರೆ ಬಾಯಿ ಬಿಡುವುದಿಲ್ಲ. ಸುಶೀಲೆ ಒಂದೇ ಮಾತು ಹೇಳಿದ್ದಾಳೆ: "ಹುಡುಗ ಆದೀತು ಅಪ್ಪ. ಆದ್ರೆ ನಾನು ಕೆಲಸ ಬಿಡುದಿಲ್ಲ. ಆ ಕಡೆಯ ಶಾಲೆಗೆ ವರ್ಗ ಮಾಡಿಸಿಕೊಳ್ತೇನೆ. ಅವರು ಒಪ್ತಾರಾ ಅಂತ ಕೇಳಿ."

ಕೇಳಿ! ಹೆಣ್ಣಿನ ಕಡೆಯವನು ಹೋಗಿ, "ಸ್ವಾಮೀ, ನಿಮ್ಮ ಸೊಸೆ ದಿನಾ ಬೆಳಿಗ್ಗೆ ಕೊಡೆ ಹಿಡಿದುಕೊಂಡು ಶಾಲೆಗೆ ಹೋಗುತ್ತಾಳೆ, ಮಧ್ಯಾಹ್ನದ ಸಾರು ನೀವೇ ನೋಡಿಕೊಳ್ಳಿ" ಎಂದು ಕೇಳುವುದು ಹೇಗೆ? ಕೇಳಿದರೆ ಗರ್ವ. ಕೇಳದಿದ್ದರೆ ಮುಂದೆ ಮಗಳ ಕಣ್ಣೀರು. ನನಗೆ ಊಟ ರುಚಿಸದೆ ಕೆಲವು ವಾರಗಳಾಗಿದ್ದವು.

ಆಗ ಕೃಷ್ಣಯ್ಯನವರಿಂದಲೇ ಕರೆ ಬಂತು. ಅವರು ಕಡಬದ ಒಂದು ಸಣ್ಣ ವಾಚನಾಲಯದ ಅಧ್ಯಕ್ಷರು. ಪೇಪರಿನಲ್ಲಿ ವಾರ ವಾರ ಬರೆಯುವ ನಾನು ಅಲ್ಲಿಗೆ ಬಂದು, ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲದ ಕಾದಂಬರಿಗಳ ಬಗ್ಗೆ ಮಾತಾಡಬೇಕಂತೆ. ನನ್ನ ತಲೆಗೆ ಮಿಂಚು ಹೊಡೆಯಿತು. ನೇರವಾಗಿ ಏಕೆ ಕೇಳಬೇಕು? ಒಂದು ಕಾದಂಬರಿಯನ್ನು ಅವರ ಎದುರಿಗಿಟ್ಟು ಮುಖ ನೋಡಿದರೆ ಸಾಲದೇ?

ಮನೆಯಲ್ಲಿ ಅಂಥದ್ದೊಂದಿತ್ತು. ಅಜ್ಜನ ಕಾಲದ ಪುಸ್ತಕ. ರಟ್ಟು ಹೋಗಿದೆ, ಹೆಸರಿನ ಪುಟ ಗೆದ್ದಲಿನ ಪಾಲಾಗಿದೆ. ಯಾವುದೋ ಚಳಿದೇಶದ ಕಥೆಯನ್ನು ಯಾರೋ ಕನ್ನಡಕ್ಕೆ ತಂದದ್ದು. ಆ ಕಾಲದ ಕಾದಂಬರಿಗಳನ್ನು ನೀವು ಓದಿದ್ದೀರಾ? ಕಥೆ ಶುರುವಾಗುವ ಮೊದಲು ಸೂರ್ಯೋದಯವೇ ಎರಡು ಪುಟ. ನಡುನಡುವೆ ಲೇಖಕರು ಕಥೆ ನಿಲ್ಲಿಸಿ ನಮಗೆ ಬುದ್ಧಿ ಹೇಳುತ್ತಾರೆ. ಅನುವಾದಕರಂತೂ ಇನ್ನೂ ಉದಾರಿಗಳು. ಮೊಳಕಾಲುದ್ದ ಹಿಮ ಬಿದ್ದ ಬೀದಿಯಲ್ಲಿ ನಾಯಕಿ ಹೇಮಾವತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿಗಾಲಿನಲ್ಲಿ ಎಣ್ಣೆ ತರಲು ಹೋಗುತ್ತಾಳೆ. ನಗಬೇಡಿ. ಆ ಸೀರೆ ಉಡಿಸದಿದ್ದರೆ ನಮ್ಮ ಅಜ್ಜಿಯಂದಿರು ಅವಳನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದರೇ?

ಹೇಮಾವತಿ ಗಡಿಯಾರ ರಿಪೇರಿಯವನ ಹೆಂಡತಿ. ಕ್ರಮೇಣ ಅವಳ ಕೈ ಗಂಡನ ಕೈಗಿಂತ ಚುರುಕಾಗುತ್ತದೆ. ಊರಿನ ಗಡಿಯಾರಗಳನ್ನೆಲ್ಲ ನಡೆಸುವವಳು ಅವಳು, ಬೋರ್ಡಿನಲ್ಲಿರುವ ಹೆಸರು ಅವನದು. ನನ್ನ ಹೆಸರನ್ನೂ ಬರೆಸಿ ಎನ್ನುತ್ತಾಳೆ. ಗಂಡ ಆಗುವುದಿಲ್ಲ ಎನ್ನುತ್ತಾನೆ. ಅವಳು ಪೆಟ್ಟಿಗೆ ಕಟ್ಟುತ್ತಾಳೆ.

ಸುಶೀಲೆ ಇದನ್ನೇ ಓದುತ್ತಿದ್ದಳು. ಅರ್ಧದಲ್ಲಿದ್ದಾಗ ನಾನು ಕೈಯಿಂದ ಕಿತ್ತುಕೊಂಡೆ. "ಅಪ್ಪ, ಪುಟ ಮಡಚಿದ್ದೇನೆ, ಬಿಡಿಸಬೇಡಿ," ಎಂದಳು. ನಾನು ಬಿಡಿಸಲಿಲ್ಲ.

ಕಡಬದಲ್ಲಿ ಹಾಲ್ ತುಂಬಿತ್ತು. ಕೃಷ್ಣಯ್ಯನವರು ಅಧ್ಯಕ್ಷರ ಕುರ್ಚಿಯಲ್ಲಿ. ಅವರ ಹೆಂಡತಿ ಸರಸ್ವತಿ ಅಮ್ಮ ಹೆಂಗಸರ ಸಾಲಿನಲ್ಲಿ, ನನ್ನವಳ ಪಕ್ಕದಲ್ಲಿ. ನಾನು ಒಂದು ಕಣ್ಣನ್ನು ಕಾಗದದ ಮೇಲೆ, ಇನ್ನೊಂದನ್ನು ಭಾವೀ ಬೀಗರ ಮುಖದ ಮೇಲೆ ಇಟ್ಟು ಕಥೆ ಹೇಳಿದೆ. ಪೆಟ್ಟಿಗೆ ಕಟ್ಟುವಲ್ಲಿಗೆ ಬಂದಾಗ ಆ ಮುಖ ಕೆಂಪಾಯಿತು. ಸತ್ತೆ ಎಂದುಕೊಂಡೆ.

ಅವರು ಎದ್ದರು.

"ಎಂತ ಮಾರಾಯ್ರೆ, ಇದು ನ್ಯಾಯವಾ? ಆಗಿನಿಂದ ಹೇಮಾವತಿಯ ಪರವಾಗಿ ಒಬ್ಬರೇ ಮಾತಾಡ್ತಾ ಇದ್ದೀರಿ. ಆ ಗಡಿಯಾರದವನಿಗೆ ಬಾಯಿ ಇಲ್ವಾ? ಪ್ರಸಂಗ ಅಂದ ಮೇಲೆ ಎರಡು ಕಡೆ ಬೇಡ್ವಾ?"

ನಾನು ಒಂದು ವಿಷಯ ಮರೆತಿದ್ದೆ. ಕೃಷ್ಣಯ್ಯನವರು ತಾಳಮದ್ದಳೆಯ ದೊಡ್ಡ ಅರ್ಥಧಾರಿ. ವೇಷ ಇಲ್ಲ, ಕುಣಿತ ಇಲ್ಲ, ಚಾಪೆಯ ಮೇಲೆ ಕುಳಿತು ಪಾತ್ರವೇ ತಾನಾಗಿ ವಾದಿಸುವವರು. ನಮ್ಮ ಕಡೆ ಅಂಥವರ ಎದುರು ಕಥೆ ಹೇಳಿ ಸುಮ್ಮನೆ ಮನೆಗೆ ಹೋಗಲು ಸಾಧ್ಯವೇ? ಯಾರೋ ಚಾಪೆ ತಂದು ಹಾಸಿಯೇಬಿಟ್ಟರು. ಅವರು ಚಕ್ಕಳಮಕ್ಕಳ ಹಾಕಿ ಕುಳಿತು, ಶಾಲು ಸರಿಮಾಡಿಕೊಂಡು, ನನ್ನನ್ನು ದುರುಗುಟ್ಟಿ ನೋಡಿ ಗುಡುಗಿದರು:

"ಎಲೌ ಹೇಮಾವತೀ!"

ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹೇಮಾವತಿ ನಾನೇ.

"ಬೋರ್ಡಿನ ಮೇಲಿನ ಹೆಸರು ನನ್ನೊಬ್ಬನದೆಂದು ಬಗೆದೆಯಾ? ನನ್ನ ಅಜ್ಜ ಬೆವರು ಸುರಿಸಿ ಕಟ್ಟಿದ ಹೆಸರದು. ಗಡಿಯಾರ ನಿಂತರೆ ಊರು ಯಾರನ್ನು ಬೈಯುತ್ತದೆ? ಬೋರ್ಡಿನಲ್ಲಿದ್ದವನನ್ನು. ಆ ಬೈಗುಳ ನಿನ್ನ ಕಿವಿಗೆ ಬೀಳದಂತೆ ಎದೆಯೊಡ್ಡಿ ನಿಂತೆನಲ್ಲಾ, ಅದೇ ನನ್ನ ಅಪರಾಧವೋ?"

ಸಭೆಯಲ್ಲಿ ಚಪ್ಪಾಳೆ. ಹಿಂದಿನಿಂದ ಒಬ್ಬರು, "ಪಾಪ, ಅವ ಹೇಳುದರಲ್ಲಿಯೂ ನ್ಯಾಯ ಉಂಟು," ಎಂದರು. ನಿಜ ಹೇಳಲೇ? ನನಗೂ ಪಾಪ ಎನಿಸಿತು.

"ಅದು... ಹಾಗಲ್ಲ ಸ್ವಾಮೀ..." ಎಂದೆ. ಮಗಳ ಕೆಲಸ ಕೈಬಿಟ್ಟುಹೋಗುವುದು ಕಣ್ಣೆದುರಿಗೇ ಕಾಣುತ್ತಿತ್ತು. ಇಂಥ ಮಾವನ ಮನೆಯಿಂದ ಕೊಡೆ ಹಿಡಿದು ಹೊರಡುವವರುಂಟೇ?

ಕೃಷ್ಣಯ್ಯನವರು ಸ್ವಲ್ಪ ಕಾದರು. ಆಮೇಲೆ ಗಂಟಲು ಇಳಿಸಿ, "ಇವರಿಗೆ ಹೇಮಾವತಿ ಆಗುದಿಲ್ಲ. ಕೊಡಿ ಇಲ್ಲಿ," ಎಂದು ಚಾಪೆಯ ಈ ತುದಿಗೆ ಸರಿದು ಕುಳಿತರು. ಈಗ ಅದೇ ಗಂಟಲಿನಿಂದ ಬೇರೆಯೇ ದನಿ.

"ಸ್ವಾಮೀ, ಬೈಗುಳಕ್ಕೆ ಅಂಜುವವಳಾದರೆ ನಿಮ್ಮ ಕೈ ಹಿಡಿಯುತ್ತಿದ್ದೆನೇ? ಊರಿನ ಗಡಿಯಾರಗಳೆಲ್ಲ ಈಗಿನ ಗಂಟೆ ತೋರಿಸುತ್ತಿವೆ. ನಿಮ್ಮ ಮನೆಯದೊಂದೇ ನಿಮ್ಮ ಅಜ್ಜನ ಗಂಟೆಯಲ್ಲಿ ನಿಂತುಬಿಟ್ಟಿದೆ. ಎಷ್ಟೋ ಮುಳ್ಳುಗಳನ್ನು ನಡೆಸಿದ ಈ ಕೈಗೆ ಅದೊಂದನ್ನು ನಡೆಸಲಾಗಲಿಲ್ಲ. ಹೊರಟೆ. ಹರಸಿ ಕಳುಹಿಸಿ."

ಹೆಂಗಸರ ಸಾಲಿನಲ್ಲಿ ಸೆರಗುಗಳು ಕಣ್ಣಿಗೆ ಹೋದವು. ಈಗಷ್ಟೇ ಗಂಡನಿಗೆ ಪಾಪ ಎಂದವರೇ, "ಹೋಗ್ಲಿ ಮಾರಾಯ್ರೆ, ಅವಳು ಹೋಗ್ಲಿ!" ಎಂದರು. ಆ ಗದ್ದಲದಲ್ಲಿಯೇ ವಂದನಾರ್ಪಣೆಯಾಗಿ ಸಭೆ ಮುಗಿಯಿತು. ಜನ ಅಧ್ಯಕ್ಷರ ಸುತ್ತ ಮುತ್ತಿಕೊಂಡರು. ಮುಖ್ಯ ಭಾಷಣಕಾರನಿಗೆ ಚಹಾ ಕೊಡುವುದೂ ಒಬ್ಬರಿಗೂ ನೆನಪಾಗಲಿಲ್ಲ.

ನಾನೇ ಹುಡುಕಿಕೊಂಡು ಹೋಗಿ ಕುಡಿದೆ. ಅಲ್ಲಿ ಕೃಷ್ಣಯ್ಯನವರು ಒಬ್ಬರೇ ಸಿಕ್ಕಿದರು. ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ ಕೇಳಿದೆ:

"ಎರಡೂ ಕಡೆ ಚೆನ್ನಾಗಿ ಹೇಳಿದಿರಿ. ಅದಿರಲಿ, ನಿಮ್ಮ ಸ್ವಂತ ಅಭಿಪ್ರಾಯ ಎಂತದು?"

ಅವರು ಚಹಾ ಊದಿ ಕುಡಿದು, ನಿಜಕ್ಕೂ ಯೋಚಿಸಿ, ಹೇಳಿದರು: "ನನ್ನದಾ? ಆ ಪಾತ್ರವನ್ನು ನನಗೆ ಯಾರೂ ಇಷ್ಟರವರೆಗೆ ಕೊಟ್ಟದ್ದಿಲ್ಲ ಮಾರಾಯ್ರೆ."

ಈಗ ಹೇಳಿ. ಇದರಿಂದ ನಾನೇನು ತಿಳಿಯಬೇಕು? ನನ್ನ ಮಗಳು ಹೋಗುವುದು ಮೊದಲು ಮಾತಾಡಿದ ಗಡಿಯಾರದವನ ಮನೆಗೋ, ಆಮೇಲೆ ಮಾತಾಡಿದ ಹೇಮಾವತಿಯ ಮನೆಗೋ?

ಬಸ್ಸು ಪುತ್ತೂರು ಮುಟ್ಟಿದಾಗ ಕೈಚೀಲ ನೋಡಿದೆ. ಪುಸ್ತಕ ಇಲ್ಲ!

"ಅದನ್ನು ಸರಸ್ವತಿ ಅಮ್ಮ ತೆಗೆದುಕೊಂಡ್ರು," ಎಂದಳು ಮನೆಯವಳು. "ಮೇಜಿನ ಮೇಲಿತ್ತು. ಮಡಚಿದ ಪುಟ ಯಾರದ್ದು ಅಂತ ಕೇಳಿದ್ರು, ಸುಶೀಲೆಯದ್ದು ಅಂದೆ. ಮೆಲ್ಲನೆ ಎತ್ತಿ ಸೆರಗಿನೊಳಗೆ ಇಟ್ಟುಕೊಂಡ್ರು."

"ನೀನು ನೋಡಿಯೂ ಸುಮ್ಮನಿದ್ದೆಯಾ?"

"ಮತ್ತೆ? ಓದಲಿಕ್ಕೆ ತೆಗೆದುಕೊಂಡದ್ದಲ್ವಾ? ಕದ್ದು ಮಾರಲಿಕ್ಕೆ ಅಲ್ಲವಲ್ಲ."

ಆದರೆ ಸೆರಗಿನೊಳಗೇಕೆ? ಆ ಮನೆಯ ಹೆಂಗಸರು ಕಾದಂಬರಿ ಓದುತ್ತಾರೆ ಎಂದು ಸಂತೋಷಪಡಲೇ? ಅಡಗಿಸಿ ಓದಬೇಕಾಗಿದೆ ಎಂದು ಹೆದರಲೇ? ಮೂರು ದಿನ ಎರಡನ್ನೂ ಮಾಡಿದೆ.

ಬುಧವಾರ ಕೃಷ್ಣಯ್ಯನವರು ಪುತ್ತೂರಿನ ಪೇಟೆಗೆ ಬಂದವರು ನಮ್ಮ ಮನೆಗೂ ಬಂದರು. ಪುಸ್ತಕ ತಂದಿರಲಿಲ್ಲ. ಮಜ್ಜಿಗೆ ಕುಡಿದು, ಗಂಟಲು ಸರಿಮಾಡಿಕೊಂಡು, ಜೀವಮಾನದಲ್ಲಿ ಮೊದಲ ಬಾರಿ ಎಂಬಂತೆ ತಡವರಿಸಿದರು:

"ನಮ್ಮ ಮನೆಯವಳು ಒಂದು ಮಾತು ಹೇಳಲಿಕ್ಕೆ ಹೇಳಿದ್ದಾಳೆ. ನನಗೆ ತಲೆಬುಡ ಗೊತ್ತಾಗಲಿಲ್ಲ. ನಿಮ್ಮ ಮಗಳಿಗೆ ಗೊತ್ತಾಗ್ತದಂತೆ. 'ಪುಟ ಮಡಚಿದಲ್ಲಿಯವರೆಗೆ ಓದಿ ನಿಲ್ಲಿಸಿದ್ದೇನೆ. ಮುಂದಿನದನ್ನು ಅವಳು ಬಂದ ಮೇಲೆ ಒಟ್ಟಿಗೆ ಓದುವ.' ಇಷ್ಟೇ. ಇದು ಎಂತದು ಮಾರಾಯ್ರೆ? ಮೂರು ದಿನದಿಂದ ಮನೆಯಲ್ಲಿ ನನ್ನ ಮಾತಿಗೆ ಉತ್ತರವೇ ಇಲ್ಲ."

ಬಾಗಿಲ ಹಿಂದೆ ಬಳೆಯ ಸದ್ದಾಯಿತು. ನಾನು ಒಳಗೆ ಹೋದೆ. ಸುಶೀಲೆಯ ಮುಖದಲ್ಲಿ ನಗು.

"ಒಪ್ಪಿಗೆ ಅಂತ ಹೇಳಿ ಅಪ್ಪ."

"ಒಪ್ಪಿಗೆಯಾ? ಮತ್ತೆ ನಿನ್ನ ಕೆಲಸ? ಅದನ್ನು ಕೇಳಲೇ ಇಲ್ಲವಲ್ಲ!"

"ಅದನ್ನು ನಾನು ಅತ್ತೆಯ ಹತ್ತಿರವೇ ಮಾತಾಡ್ತೇನೆ. ನೀವು ಇನ್ನು ಭಾಷಣ ಮಾಡಲಿಕ್ಕೆ ಹೋಗ್ಬೇಡಿ."

ಹೊರಗೆ ಬಂದು ಹೇಳಿದೆ. ಕೃಷ್ಣಯ್ಯನವರು ನನ್ನ ಕೈ ಹಿಡಿದು ಕುಲುಕಿದರು. ಏನು ನಡೆಯಿತೆಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇಬ್ಬರು ಬೀಗರೂ ಎದುರುಬದುರು ಕುಳಿತು ಬಹಳ ಹೊತ್ತು ತಲೆಯಾಡಿಸಿದೆವು.

ಹಾಗಾಗಿ, ಪ್ರಿಯ ಓದುಗರೇ, ಬಸ್ಸು ಕೆಡಲಿಲ್ಲ. ಹೊಳೆ ಏರಲಿಲ್ಲ. ಕನ್ನಡಕ, ಗಂಟಲು, ಪಂಚೆ ಎಲ್ಲ ಇದ್ದಲ್ಲೇ ಇದ್ದವು. ಸಂಬಂಧವೂ ಕೂಡಿತು. ತಪ್ಪಿದ್ದು ಒಂದೇ ಒಂದು. ಆ ಗದ್ದಲದಲ್ಲಿ ಕಥೆಯ ಕೊನೆಯನ್ನು ಹೇಳಲು ಮರೆತೆ. ಪೆಟ್ಟಿಗೆ ಕಟ್ಟಿದ ಹೇಮಾವತಿ ಎಲ್ಲಿಗೆ ಹೋದಳು, ಅವಳೊಟ್ಟಿಗೆ ಇನ್ನೊಂದು ಪೆಟ್ಟಿಗೆ ಹಿಡಿದು ಹೊರಟವರು ಯಾರು ಎಂಬುದು ಎರಡೂ ಮನೆಗಳಲ್ಲಿ ನನ್ನೊಬ್ಬನಿಗೇ ಗೊತ್ತು.

ಅವಳ ಅತ್ತೆ. ಬೀಗರಿಗೆ ಇದನ್ನು ಮದುವೆಗೆ ಮೊದಲೇ ಹೇಳಿಬಿಡಲೇ?