ಹುಳದ ಮನೆ, ಬಾಣಂತಿ ಕೋಣೆ

ಅಮ್ಮನ ಲೆಕ್ಕ ತಪ್ಪಿರಲಿಲ್ಲ. ತಪ್ಪಿಸಿದವಳು ನನ್ನ ಮಗಳು. ಈ ಸಲದ ರೇಷ್ಮೆ ಹುಳ ಗೂಡು ಕಟ್ಟಿ, ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿ, ಹುಳದ ಮನೆ ತೊಳೆದು ಬಾಗಿಲು ಹಾಕಿದ ಮೇಲೆ ನನ್ನ ಹೆರಿಗೆ ಎಂದು ಅಮ್ಮ ಗೊತ್ತು ಮಾಡಿಕೊಂಡಿದ್ದಳು. ಮಗಳು ಯಾರನ್ನೂ ಕೇಳದೆ ಮೊದಲೇ ಹುಟ್ಟಿದಳು. ಆಸ್ಪತ್ರೆಯಿಂದ ನಾನು ತವರಿಗೆ ಬಂದಾಗ ಹುಳಗಳು ಇನ್ನೂ ಎಳೆಯವು, ಹಿಪ್ಪುನೇರಳೆ ಸೊಪ್ಪಿಗೆ ಗಬಗಬ ಬಾಯಿ ಹಾಕುವ ಹೊತ್ತು.

ತೆಲುಗು ರಾಜ್ಯದ ಗಡಿಯೊಳಗಿನ ನಮ್ಮ ಮಡಕಶಿರಾ ಕಡೆ ಹುಳ ಸಾಕುವ ಮನೆಯಲ್ಲಿ ದೇವರ ಕೋಣೆಗಿಂತ ಹುಳದ ಮನೆಗೇ ಮಡಿ ಹೆಚ್ಚು. ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವಂತಿಲ್ಲ. ತಲೆಗೆ ಘಮಘಮ ಎಣ್ಣೆ ಹಚ್ಚಿಕೊಂಡು ಹೋಗುವಂತಿಲ್ಲ. ಹತ್ತಿರದಲ್ಲಿ ಒಗ್ಗರಣೆ ಸಿಡಿಸುವಂತಿಲ್ಲ. ಹೆರಿಗೆಯ ಮೈಲಿಗೆ, ಅಂದರೆ ಪುರುಡು, ಅದಂತೂ ಹೊಸಲು ದಾಟಲೇಬಾರದು. ಇದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಬಿಡೋಣವೆಂದರೆ ಹಾಗೂ ಇಲ್ಲ. ಹೊಗೆ, ವಾಸನೆ ಹುಳಕ್ಕೆ ಆಗದು ಎಂದು ನಾನು ಕೆಲಸ ಮಾಡುವ ಊರ ಸರ್ಕಾರಿ ಕಚೇರಿಯಲ್ಲಿ, ಗ್ರಾಮ ಸಚಿವಾಲಯದಲ್ಲಿ, ರೇಷ್ಮೆ ಇಲಾಖೆಯವರೇ ರೈತರಿಗೆ ಹೇಳುವುದನ್ನು ಕೇಳಿದ್ದೇನೆ.

ಇನ್ನು ಬಾಣಂತಿ ಕೋಣೆಯಲ್ಲಿ ಇರುವುದಾದರೂ ಏನು? ಸಾಂಬ್ರಾಣಿ ಹೊಗೆ, ಹರಳೆಣ್ಣೆ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು. ಹುಳಕ್ಕೆ ಆಗದ್ದೆಲ್ಲ ಒಂದೇ ಕಡೆ ಸೇರಿಸಿಟ್ಟ ಹಾಗೆ. ಒಂದೇ ಅಂಗಳದ ಆ ಬದಿ ಹುಳದ ಮನೆ, ಈ ಬದಿ ನಾನು. ಪುರುಡು ಕಳೆದರೂ ವಾಸನೆ ಕಳೆಯುವುದಿಲ್ಲ, ಹುಳ ಗೂಡಿಗೆ ಹತ್ತುವ ತನಕ ತಾನು ನನ್ನ ಕೋಣೆಯ ಹೊಸಲ ಆಚೆಯೇ ನಿಲ್ಲುವುದಾಗಿ ಅಮ್ಮ ಮೊದಲ ದಿನವೇ ಹೇಳಿದಳು. ಹೇಳಿದಂತೆ ನಡೆದುಕೊಂಡಳು ಕೂಡ. ಸೊಪ್ಪು ಹಾಕಿ ಬರುವಾಗೊಮ್ಮೆ, ಹಾಕಲು ಹೋಗುವಾಗೊಮ್ಮೆ ಬಾಗಿಲಲ್ಲಿ ನಿಂತು ಉಂಡೆಯಾ, ಕೂಸು ಕುಡಿಯಿತಾ ಎಂದು ಕೇಳುವಳು. ನಾನು ಹೂಂ ಅನ್ನುವೆ. ಅವಳು ಹೋಗುವಳು.

ಹಾಗಾಗಿ ಬಾಣಂತನಕ್ಕೆ ನನ್ನ ಅತ್ತೆಯನ್ನೇ ಕರೆಸಬೇಕಾಯಿತು. ಗಂಡನ ಊರು ರಾಯದುರ್ಗದ ಆಚೆ, ಬೊಮ್ಮನಹಾಳ್ ಹತ್ತಿರ. ಚೊಚ್ಚಲ ಬಾಣಂತನಕ್ಕೆ ಗಂಡಿನ ತಾಯಿ ಬೀಗರ ಮನೆಯಲ್ಲಿ ಬಂದು ನಿಲ್ಲುವುದು ಎಲ್ಲೂ ಇಲ್ಲದ ಪದ್ಧತಿ. ಕೂಸನ್ನು ನೋಡಿ, ಉಂಡು, ಉಡಿ ತುಂಬಿಸಿಕೊಂಡು ಹೋಗುವುದಷ್ಟೇ ಅವರ ಪಾಲಿನದು. ಆದರೆ ಪುರುಡು ಹೇಗೂ ಗಂಡಿನ ಮನೆಯವರದು, ಅವರು ನನ್ನನ್ನು ಮುಟ್ಟಿದರೆ ಹೊಸದಾಗಿ ಅಂಟಿಕೊಳ್ಳುವುದೇನೂ ಇಲ್ಲ ಎಂದು ಅಮ್ಮ ವಾದ ಮಾಡಿದಳು. ಅತ್ತೆ ಜೋಳದ ಹಿಟ್ಟು, ಅಂಟಿನುಂಡೆ, ನೇಮಕಲ್ಲು ಆಂಜನೇಯನ ದಾರ ಎಲ್ಲ ಕಟ್ಟಿಕೊಂಡು ಬಂದರು. ಮೊಮ್ಮಗಳ ಕೈಗೆ ದಾರ ಕಟ್ಟಿ, ಸೀರೆ ಎತ್ತಿ ಸಿಕ್ಕಿಸಿ, ಬಟ್ಟೆ ಒಗೆಯಲು ಕೂತರು.

ಅತ್ತೆಗೆ ಮಾತು ಬೇಕು. ಯಾರ ಗದ್ದೆಗೆ ಕಾಲುವೆ ನೀರು ಬಂತು, ಯಾರ ಸೊಸೆ ಮುನಿಸಿಕೊಂಡು ಹೋದಳು, ಎಮ್ಮೆ ಯಾಕೆ ಒದೆಯಲು ಶುರು ಮಾಡಿತು, ಒಂದೂ ಬಿಡದೆ ಹೇಳುವರು. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಎಮ್ಮೆಯ ಮೇಲೆ ನನಗೇನೂ ದ್ವೇಷವಿಲ್ಲ, ಆದರೆ ಅದರ ಕತೆ ಮೂರು ಸಲ ಕೇಳುವ ತ್ರಾಣ ನನ್ನಲ್ಲಿರಲಿಲ್ಲ. ನಾನು ಗೋಡೆಯ ಕಡೆ ಹೊರಳಿ ಮಲಗುತ್ತಿದ್ದೆ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನದು ಹೆಗ್ಗಣವೂ ಅಲ್ಲ, ನೋಡಿದವರೆಲ್ಲ ದೃಷ್ಟಿ ತೆಗೆಯುವಂಥ ಕೂಸು. ಆದರೂ ನನಗೆ ಮುದ್ದು ಬರಲಿಲ್ಲ. ಹಾಲಿಗೆ ಕೊರತೆಯಿರಲಿಲ್ಲ, ಅದು ಕುಡಿಯುತ್ತಿತ್ತು, ಮಲಗುತ್ತಿತ್ತು. ಯಾರೋ ಸಂತೆಗೆ ಹೋಗುವಾಗ ಸ್ವಲ್ಪ ನೋಡಿಕೊಂಡಿರು ಎಂದು ಕೊಟ್ಟು ಹೋದ ಕೂಸು, ಬಂದು ತೆಗೆದುಕೊಂಡು ಹೋಗುತ್ತಾರೆ ಎಂದು ಕಾಯುತ್ತಿದ್ದೆ. ಅದು ಮಲಗಿದಾಗಲೂ ನನಗೆ ನಿದ್ದೆ ಬರುತ್ತಿರಲಿಲ್ಲ. ಬಾಯಿಗೆ ಇಟ್ಟದ್ದೆಲ್ಲ ಮಣ್ಣು. ಬೀದಿಯಲ್ಲಿ ಸೊಪ್ಪಿನವಳು ಕೂಗಿದರೆ ಅಳು ಬರುವುದು. ಸೊಪ್ಪಿನವಳಿಗೂ ಅಳುವಿಗೂ ಏನು ಸಂಬಂಧ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುವುದು. ಬಾಣಂತಿ ಫೋನ್ ನೋಡಿದರೆ ಕಣ್ಣು ಹೋಗುತ್ತದೆ ಎಂದು ಅದನ್ನೂ ಅಪ್ಪನ ಹತ್ತಿರ ಇಟ್ಟಿದ್ದರು. ಗಂಡ ಫೋನ್ ಮಾಡಿದರೆ ಮಲಗಿದ್ದಾಳೆ ಅನ್ನುವ ಉತ್ತರ ಹೋಗುತ್ತಿತ್ತು.

ಒಂದು ದಿನ ಅಮ್ಮ ಬಾಗಿಲಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಉಣ್ಣದ ತಟ್ಟೆ ನೋಡಿದಳು, ಗೋಡೆ ಕಡೆ ತಿರುಗಿದ ನನ್ನ ಬೆನ್ನು ನೋಡಿದಳು. ಅತ್ತೆ ಎಂದಿನಂತೆ ಏನೋ ಹೇಳುತ್ತಿದ್ದರು. ಅಮ್ಮ ತಗ್ಗಿದ ದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು.

"ಬೀಗ್ರೇ, ಅವಳ್ನ ಮಾತಾಡಿಸ್ಬ್ಯಾಡಿ. ಜ್ವರಕ್ಕೆ ಹೋದ ಹುಳ ಮುಟ್ಟುದ್ರೆ ಕೆಡ್ತೈತೆ. ಸುಮ್ಕೆ ಬಿಟ್ರೆ ತಾನೇ ಎದ್ದು ತಿಂತೈತೆ."

ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಆಗ ಅವು ಸೊಪ್ಪು ತಿನ್ನುವುದು ಬಿಡುತ್ತವೆ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತವೆ. ಸಾಕುವವರ ಜಾಣತನವೆಲ್ಲ ಆಗ ಏನೂ ಮಾಡದೆ ಇರುವುದರಲ್ಲಿದೆ. ಸೊಪ್ಪು ಹಾಕಬಾರದು, ಮುಟ್ಟಬಾರದು, ಅಲ್ಲಿಂದಿಲ್ಲಿಗೆ ಸರಿಸಬಾರದು. ಹೊಸ ಚರ್ಮದಲ್ಲಿ ಅವು ತಾವಾಗಿ ಎದ್ದ ಮೇಲೆಯೇ ಸೊಪ್ಪು. ಅಮ್ಮ ಬದುಕಿನುದ್ದಕ್ಕೂ ಅದನ್ನೇ ನೋಡಿದವಳು. ಉಣ್ಣದೆ, ಮಾತಾಡದೆ, ಅಲ್ಲಾಡದೆ ಬಿದ್ದುಕೊಂಡ ಮಗಳನ್ನು ಕಂಡಾಗ ಅವಳಿಗೆ ಗೊತ್ತಿದ್ದ ಆರೈಕೆ ಅದೊಂದೇ.

ಅತ್ತೆ ಬೀಗರ ಮನೆಯಲ್ಲಿದ್ದವರು, ಎದುರು ಆಡಲಿಲ್ಲ. "ಆಗಲ್ರಿ ಅಕ್ಕಾರೆ" ಅಂದರು. ಅಂದಿನಿಂದ ಕೋಣೆಗೆ ಬಂದು ತಟ್ಟೆ ಇಡುವರು, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿ ತಂದು ಮಲಗಿಸುವರು, ಹೋಗಿ ಹೊರಗೆ ಕೂರುವರು. ನೋಡಲು ಬಂದ ಹೆಂಗಸರನ್ನು ಅಪ್ಪ ಅಂಗಳದಿಂದಲೇ ವಾಪಸು ಕಳಿಸಿದರು. ಬಾಣಂತಿಯನ್ನು ಒಬ್ಬಳೇ ಬಿಡಬಾರದು ಅನ್ನುವ ಶಾಸ್ತ್ರಕ್ಕೆ ತಲೆದಿಂಬಿನ ಕೆಳಗೆ ಒಂದು ಕುಡುಗೋಲು ಇಟ್ಟಿದ್ದರು. ಜೊತೆಗೆ ಅಂತ ಇದ್ದದ್ದು ಅದೇ.

ಮಾತು ನಿಂತ ಮೇಲೆ ನನಗೆ ಗೊತ್ತಾಯಿತು, ಅತ್ತೆಯ ಎಮ್ಮೆ ನನ್ನನ್ನು ಎಷ್ಟು ಹಿಡಿದು ನಿಲ್ಲಿಸಿತ್ತು ಎಂದು. ಈಗ ಆ ಕೋಣೆಯಲ್ಲಿ ನನ್ನ ಯೋಚನೆಗಳು ಬಿಟ್ಟರೆ ಬೇರೆ ದನಿಯಿರಲಿಲ್ಲ. ಯೋಚನೆ ಒಂದೇ: ಎದ್ದು ಹೋಗಿಬಿಡಬೇಕು. ಎಲ್ಲಿಗೆ ಎಂದಲ್ಲ. ಹಿಂದೂಪುರದ ಬಸ್ಸು ಮಧ್ಯಾಹ್ನ ಊರ ಮುಂದೆ ಹಾರನ್ ಹಾಕುತ್ತದೆ, ಅದನ್ನು ಹತ್ತಬೇಕು, ಕೊನೆಗೆ ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿ ಇಳಿಯಬೇಕು. ಕೂಸಿಗೆ ಅತ್ತೆ ಇದ್ದಾರೆ, ಬಾಟಲಿ ಹಾಲು ಇದೆ. ಮೊದಮೊದಲು ಇದು ಸುಮ್ಮನೆ ಬಂದು ಹೋಗುವ ಯೋಚನೆಯಾಗಿತ್ತು. ಆಮೇಲೆ ಯಾವ ಸೀರೆ, ಯಾವ ಚಪ್ಪಲಿ ಎಂದೂ ತೀರ್ಮಾನವಾಗತೊಡಗಿತು. ಆಗ ನನಗೆ ನಿಜವಾಗಿ ಭಯವಾಯಿತು. ಹೋಗಿಬಿಡುತ್ತೇನೆ ಎಂಬ ಭಯ.

ಹುಳ ಹಣ್ಣಾದ ದಿನ ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಹಣ್ಣಾದ ಹುಳ ಮೈ ಹಳದಿಯಾಗಿ, ಬೆಳಕು ಹಾಯುವಂತಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಕೂಡಲೇ ಆರಿಸಿ, ಬಿದಿರಿನ ಸುತ್ತು ಸುತ್ತಿದ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡದಿದ್ದರೆ ಎಲ್ಲೆಂದರಲ್ಲಿ ನೂಲು ಬಿಟ್ಟು ಬೆಳೆ ಹಾಳು. ಬೆಳಗಿನಿಂದಲೇ ಕೇರಿಯ ಹೆಂಗಸರೆಲ್ಲ ಒಳಗಿದ್ದರು. ಅಮ್ಮ ಅಂದು ಬಾಗಿಲಿಗೆ ಒಂದೇ ಸಲ ಬಂದಳು. ಅತ್ತೆ ಬಟ್ಟೆ ಒಗೆಯಲು ತೊಟ್ಟಿಯ ಹತ್ತಿರ ಹೋಗಿದ್ದರು. ಬಸ್ಸಿನ ಹಾರನ್ ಕೇಳಿಸಿತು.

ನಾನು ಎದ್ದೆ. ಚಪ್ಪಲಿ ಹಾಕಿಕೊಂಡೆ. ಕೂಸು ನಿದ್ದೆಯಲ್ಲಿತ್ತು, ಬೀಳದ ಹಾಗೆ ಎರಡೂ ಕಡೆ ದಿಂಬು ಇಟ್ಟೆ. ಅಂಗಳ ದಾಟಿದರೆ ಬಲಕ್ಕೆ ರಸ್ತೆ, ಎಡಕ್ಕೆ ಹುಳದ ಮನೆ. ಅಂಗಳದ ನಡುವೆ ಬಂದಾಗ ಯಾವ ಕಡೆ ತಿರುಗಿದೆನೋ ನನಗೂ ಸರಿಯಾಗಿ ಗೊತ್ತಿಲ್ಲ. ತಲೆಗೆ ಕಟ್ಟಿದ ಬಟ್ಟೆ, ಮೈತುಂಬ ಸಾಂಬ್ರಾಣಿ ವಾಸನೆ, ಕಾಲಲ್ಲಿ ಚಪ್ಪಲಿ ಸಮೇತ ಹುಳದ ಮನೆಯ ಹೊಸಲ ಮೇಲೆ ನಿಂತಿದ್ದೆ. ಒಳಗಿದ್ದ ಹೆಂಗಸರ ಕೈಗಳು ಅಲ್ಲಲ್ಲೇ ನಿಂತವು. ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಮ್ಮನ ಬೊಗಸೆ ತುಂಬ ಹಣ್ಣು ಹುಳ.

"ಅಮ್ಮ, ನನ್ನ ಸುಮ್ಕೆ ಬಿಡಬ್ಯಾಡ" ಅಂದೆ. "ನಾನು ಹುಳ ಅಲ್ಲ. ಕೂಸು ಬಿಟ್ಟು ಬಸ್ ಹತ್ತಿ ಹೋಗ್ಬೇಕು ಅನ್ನುಸ್ತೈತೆ ನಂಗೆ."

ಬೈಯುತ್ತಾಳೆ ಅಂದುಕೊಂಡಿದ್ದೆ. ಅಷ್ಟು ದಿನ ಕಾಪಾಡಿದ ಹುಳದ ಮಧ್ಯೆ ಪುರುಡನ್ನೂ ಹೊಗೆಯನ್ನೂ ಒಟ್ಟಿಗೆ ತಂದು ನಿಲ್ಲಿಸಿದ್ದೆನಲ್ಲ. ಅಮ್ಮ ಬೊಗಸೆಯಲ್ಲಿದ್ದದ್ದನ್ನು ಪಕ್ಕದವಳ ಕೈಗೆ ಸುರಿದಳು, ಹೊಸಲು ದಾಟಿ ಬಂದು ನನ್ನ ಮುಂಗೈ ಹಿಡಿದಳು. ಕೈಗೆ ಸೊಪ್ಪಿನ ಅಂಟಿತ್ತು. ಕೋಣೆಗೆ ಕರೆದುಕೊಂಡು ಬಂದು, ನನ್ನ ಚಪ್ಪಲಿ ತಾನೇ ಬಿಚ್ಚಿ, ಮಂಚದ ಮೇಲೆ ನನ್ನ ಪಕ್ಕ ಕೂತಳು. ಸಂಜೆಯವರೆಗೂ ಏಳಲಿಲ್ಲ. ಹುಳದ ಮನೆಯಿಂದ ಎರಡು ಸಲ ಕರೆ ಬಂತು. ನಿಮಗೆ ಗೊತ್ತಿರೋ ಹಂಗೆ ಮಾಡ್ಕೊಳ್ಳಿ ಎಂದು ಹೇಳಿ ಕಳಿಸಿದಳು. ನಾನು ಅತ್ತುಬಿಟ್ಟೆ, ಅಳುವುದಕ್ಕೆ ಕಾರಣ ಹುಡುಕದೆ ಅತ್ತದ್ದು ಅದೇ ಮೊದಲು.

ಬಟ್ಟೆ ಹಿಂಡುತ್ತಿದ್ದ ಅತ್ತೆಗೆ ವಿಷಯ ತಿಳಿದಾಗ ಅವರು ಮಾತ್ರ ಸುಮ್ಮನಿರಲಿಲ್ಲ.

"ಬಾಣಂತೀನ ಒಬ್ಬಾಕಿನ್ನ ಬಿಡಬಾರದು ಅಂತ ಹಿರ್ಯಾರು ಅಂದದ್ದು ಯಾಕ್ರಿ ಅಕ್ಕಾರೆ? ಕುಡುಗೋಲು ಮಾತಾಡತೈತೇನು?"

ಅಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು. ನನಗೆ ಅತ್ತೆಯ ಮೇಲೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ. ಮದುವೆಯಾಗಿ ಅಷ್ಟು ದಿನವಾದರೂ ಅದುವರೆಗೆ ಇದ್ದದ್ದು ಮರ್ಯಾದೆ ಮಾತ್ರ.

ಮರುದಿನ ಬೆಳಿಗ್ಗೆ ಮೂವರೂ ಆಟೋದಲ್ಲಿ ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ತೆಲುಗಿನಲ್ಲಿ ಕೇಳಿದರು: ನಿದ್ದೆ ಬರುತ್ತದಾ, ಕೂಸು ಮಲಗಿದಾಗಲಾದರೂ ಬರುತ್ತದಾ, ಸಾಯಬೇಕು ಅನ್ನಿಸುತ್ತದಾ, ಕೂಸಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನಿಸುತ್ತದಾ. ಪಕ್ಕದಲ್ಲಿ ಅಮ್ಮ, ಅತ್ತೆ ಇಬ್ಬರೂ ಕೂತಿರುವಾಗ ಇಂಥ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲ. ಆದರೂ ಕೊಟ್ಟೆ. ಇದು ಹೆತ್ತ ಎಷ್ಟೋ ಹೆಂಗಸರಿಗೆ ಬರುವ ಕಾಯಿಲೆ, ಔಷಧಿ ಇದೆ, ಹಾಲೂಡಿಸುವವರೂ ತೆಗೆದುಕೊಳ್ಳಬಹುದಾದ್ದನ್ನೇ ಬರೆಯುತ್ತೇನೆ ಅಂದರು. ಬಾಯಾರಿದಷ್ಟೂ ನೀರು ಕೊಡಿ, ಒಂದು ಹೊತ್ತಿನ ನಿದ್ದೆ ಪೂರ್ತಿ ಇವಳಿಗೆ ಬಿಡಿ, ಮನಸ್ಸಿಗೆ ಹೆಚ್ಚಾದರೆ ಯಾವ ಹೊತ್ತಾದರೂ ಕರೆದುಕೊಂಡು ಬನ್ನಿ ಎಂದು ಅವರಿಬ್ಬರಿಗೂ ಬೇರೆಯಾಗಿ ಹೇಳಿದರು. ನೀರಿನ ಮಾತಿಗೆ ಅತ್ತೆಯೂ ಅಮ್ಮನೂ ಮುಖ ಮುಖ ನೋಡಿಕೊಂಡರು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ ಅನ್ನುವುದರಲ್ಲಿ ಮಾತ್ರ ಮಡಕಶಿರಾವೂ ರಾಯದುರ್ಗವೂ ಒಂದೇ. ಆದರೆ ಮನೆಗೆ ಬಂದ ಮೇಲೆ ತಂಬಿಗೆ ನನ್ನ ಕೈಗೆಟಕುವ ಕಡೆ ಬಂದು ಕೂತಿತು.

ಒಂದೇ ದಿನದಲ್ಲಿ ಏನೂ ಸರಿಹೋಗಲಿಲ್ಲ. ಮಾತ್ರೆ ತಿಂಗಳುಗಟ್ಟಲೆ ತೆಗೆದುಕೊಂಡೆ. ಬೆಳಗಿನ ಹೊತ್ತು ಕೂಸನ್ನು ಅತ್ತೆ ಎತ್ತಿಕೊಂಡು ಹೋಗುವರು, ನಾನು ಬಾಗಿಲು ಹಾಕಿಕೊಂಡು ಮಲಗುವೆ. ಫೋನ್ ವಾಪಸು ಬಂತು. ಗಂಡನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ, ಅವರು ಅದೇ ವಾರ ರಜೆ ಹಾಕಿ ಬಂದರು. ಸಂಜೆ ಅಮ್ಮನ ಜೊತೆ ಸೊಪ್ಪಿನ ತೋಟದ ಬದುವಿನ ಮೇಲೆ ನಡೆಯುತ್ತಿದ್ದೆ. ಬಾಣಂತಿಯನ್ನು ಹೊರಗೆ ಗಾಳಿಗೆ ಬಿಟ್ಟಿದ್ದಾರೆ ಎಂದು ಊರವರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆವು. ಎಮ್ಮೆಯ ಕತೆಯೂ ಮುಂದುವರಿಯಿತು, ಅದು ಒದೆಯುವುದನ್ನು ಬಿಟ್ಟಿತ್ತಂತೆ.

ಬೆಳೆ ಕೆಡಲಿಲ್ಲ. ಕೆಟ್ಟಿದ್ದರೆ ನನ್ನ ತಲೆಗೇ ಕಟ್ಟುತ್ತಿದ್ದರು, ಅದರಲ್ಲಿ ಅನುಮಾನ ಬೇಡ. ಆಸ್ಪತ್ರೆಗೆ ಹೋಗಿ ಬಂದ ಕೆಲವು ದಿನಕ್ಕೆ ಚಂದ್ರಿಕೆಗಳನ್ನು ಅಂಗಳಕ್ಕೆ ತಂದು ಗೂಡು ಬಿಡಿಸಲು ಕೂತೆವು. ಇನ್ನು ವಾಸನೆಯ ಹಂಗಿಲ್ಲವಾದ್ದರಿಂದ ನನ್ನನ್ನೂ ಕೂರಿಸಿಕೊಂಡರು. ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಜಗಲಿಯಲ್ಲಿದ್ದರು. ಗೂಡು ಬಿಡಿಸುತ್ತಿದ್ದ ಅಮ್ಮ, ತಲೆ ಎತ್ತದೆ ಮಾತು ತೆಗೆದಳು.

"ನಿನ್ನ ಹೆತ್ತಾಗ ನಂಗೂ ಹಿಂಗೇ ಆಗಿತ್ತು ಕಣೆ. ನಿನ್ನ ಮಕ ನೋಡ್ಬೇಕು ಅಂತ್ಲೇ ಅನ್ನುಸ್ತಿರ್ಲಿಲ್ಲ."

ಯಾರಿಗೆ ಹೇಳಿದೆ ಎಂದು ಕೇಳಿದೆ. ಯಾರಿಗೂ ಇಲ್ಲ ಅಂದಳು. ಎಲ್ಲರೂ ಸುಮ್ಮನೆ ಬಿಟ್ಟರು, ನಾನೂ ಸುಮ್ಮನಿದ್ದೆ, ಅದು ತಾನಾಗೇ ಹೋಯಿತು ಅಂದಳು. ಅವಳಿಗೆ ಗೊತ್ತಿದ್ದ ಔಷಧಿ ಅದೊಂದೇ ಎಂದು, ಅದನ್ನೇ ನನಗೂ ಕೊಟ್ಟಿದ್ದಳೆಂದು ನನಗೆ ಆಗ ಅರ್ಥವಾಯಿತು. ನನಗಿಂತ ಹುಳ ಹೆಚ್ಚು ಎಂದು ಅವಳ ಮೇಲೆ ಇಟ್ಟುಕೊಂಡಿದ್ದ ಸಿಟ್ಟಿಗೆ ಎಲ್ಲಿ ಹೋಗಬೇಕೋ ತಿಳಿಯಲಿಲ್ಲ.

"ಎಷ್ಟು ದಿನಕ್ಕೆ ಹೋಯ್ತು?" ಅಂದೆ.

ಅಮ್ಮ ಗೂಡಿನ ಮೇಲಿನ ಸಡಿಲ ನೂಲಿನ ಜೊಂಡು ಕೀಳುತ್ತ ನೆನಪು ಮಾಡಿಕೊಂಡಳು.

"ನೀನು ನಡೆಯಾಕೆ ಕಲ್ತಿದ್ದೆ."

ಆಗಲೂ ಮನೆತುಂಬ ಜನ, ಕೈಗೆ ಕಾಲಿಗೆ ಕೆಲಸ. ಅಷ್ಟು ಕಾಲವೂ ಅಮ್ಮ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಒಬ್ಬಳೇ ಇದ್ದಳು.