ನೀರಿನ ಮಾರನೇ ದಿನ

ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಊರಲ್ಲಿ ಇದನ್ನು ಯಾರಾದರೂ ಗಮನಿಸಿದ್ದರೋ ಇಲ್ಲವೋ, ನನಗಂತೂ ಗೊತ್ತಿತ್ತು. ಕಟಿಂಗ್‌ಗೆ ಕೂರಿಸಿ ಕೊರಳಿಗೆ ಬಟ್ಟೆ ಕಟ್ಟಿದರೆ ಅದು ಯಾವಾಗಲೂ ಬಲಗಡೆಗೇ ಜಾರೋದು. ಅದಕ್ಕೆ ಬಟ್ಟೆ ಒಣಹಾಕುವ ನೀಲಿ ಕ್ಲಿಪ್ಪೊಂದನ್ನು ಅವರಿಗಂತಲೇ ಕನ್ನಡಿ ಪಕ್ಕದ ಮೊಳೆಗೆ ಸಿಕ್ಕಿಸಿಟ್ಟಿದ್ದೆ. ಆ ಭುಜದ ಮೇಲೆ ಅವರು ಇಪ್ಪತ್ತೇಳು ವರ್ಷ ಒಂದು ಕಬ್ಬಿಣದ ಕೀ ಹೊತ್ತು ತಿರುಗಿದರು. ಜೇಬಿಗೆ ಹಾಕುವ ಕೀ ಅಲ್ಲ. ಎದೆಯೆತ್ತರದ ಸರಳು, ಮೇಲೆ ಅಡ್ಡ ಹಿಡಿ, ಕೆಳಗೆ ಚೌಕದ ಬಾಯಿ. ರಸ್ತೆ ಗುಂಡಿಯೊಳಗಿನ ವಾಲ್ವ್‌ಗೆ ಅದನ್ನು ಕೂರಿಸಿ ಎರಡು ಕೈಯಲ್ಲಿ ತಿರುಗಿಸಿದರೆ ಆ ಬೀದಿಗೆ ನೀರು. ಅವರು ನಮ್ಮೂರ ನೀರುಗಂಟಿ. ಚಿಕ್ಕವರು ದೊಡ್ಡವರು ಎಲ್ಲರಿಗೂ ನೀರುಗಂಟಿಯಣ್ಣ.

ನಮ್ಮೂರು ಹುಣಸಮಾರನಹಳ್ಳಿಯಿಂದ ಒಳಕ್ಕೆ. ಏರ್‌ಪೋರ್ಟ್ ರಸ್ತೆಯಲ್ಲಿ ಹೋಗುವವರಿಗೆ ಕಾಣಲ್ಲ, ವಿಮಾನದಲ್ಲಿ ಕೂತವರಿಗೆ ಕಾಣುತ್ತೆ. ಇರೋದು ಆರು ಬೀದಿ, ಒಂದು ಟ್ಯಾಂಕು. ಬೋರ್‌ವೆಲ್ ನೀರು ಎಲ್ಲರಿಗೂ ದಿನಾ ಸಾಲಲ್ಲ. ದಿನಕ್ಕೆ ಎರಡು ಬೀದಿಗೆ ಬಿಟ್ಟರೆ ಮೂರು ದಿನಕ್ಕೊಮ್ಮೆ ಸರದಿ ಬರುತ್ತೆ. ನೀರು ಬರುವ ದಿನ ಆ ಬೀದಿಯವರು ಮದುವೆಗೂ ಹೋಗಲ್ಲ, ಆಸ್ಪತ್ರೆಗೂ ಹೋಗಲ್ಲ. ಸಂಪು, ಡ್ರಮ್ಮು, ಬಿಂದಿಗೆ, ಕೊನೆಗೆ ಚೊಂಬು ತುಂಬಿದ ಮೇಲೇ ಬೇರೆ ಮಾತು.

ಸರದಿ ಅಂದರೆ ಅವರಿಗೆ ಸರದಿ. ಒಂದು ಸಲ ಪಂಚಾಯ್ತಿ ಮೆಂಬರ್ ಒಬ್ಬರು ಮಗಳ ಮದುವೆ ಚಪ್ಪರಕ್ಕೆ ಅರ್ಧ ಗಂಟೆ ಜಾಸ್ತಿ ನೀರು ಬಿಡು ಅಂತ ಬಂದು ನಿಂತರು. ಇವರು ಬೀಡಿ ಆರಿಸಿ, "ಎಲ್ಲಾರ್ಗೂ ಬರ್ತದೆ ಗೌಡ್ರೇ, ಸರ್ದಿ ಬರ್ಲಿ" ಅಂದರು. ಅಷ್ಟೇ. ಆಮೇಲೆ ತಾವೇ ಯಲಹಂಕಕ್ಕೆ ಫೋನ್ ಮಾಡಿ ಟ್ಯಾಂಕರ್ ತರಿಸಿಕೊಟ್ಟರು. ಅವರ ಮನೆ ಆರನೇ ಬೀದಿಯ ಕೊನೆಗೆ, ಪೈಪು ಮುಗಿಯುವ ಜಾಗದಲ್ಲಿ. ಅಲ್ಲಿಗೆ ಮುಟ್ಟೋ ಹೊತ್ತಿಗೆ ನೀರು ದಾರದಷ್ಟು ಸಣ್ಣ. ಅವರ ಹೆಂಡತಿ ಅಂಗಡಿ ಮುಂದೆ ಹಾದು ಹೋಗುವಾಗೆಲ್ಲ ನನಗೆ ಕೇಳುವ ಹಾಗೆ ಬೈಯೋರು: "ಊರ್ಗೆಲ್ಲ ನೀರ್ ಬಿಡೋ ಗಂಡನ್ನ ಕಟ್ಕಂಡು ನಾನು ಪಕ್ಕದ್ಮನೇಗೆ ಬಿಂದ್ಗೆ ಇಡ್ಕಂಡು ಓಗ್ಬೇಕು!" ಇವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತವರು, "ನೀನು ಕತ್ರಿ ಆಡ್ಸಪ್ಪ, ಅದು ದಿನಾ ಇರೋದೇ" ಅನ್ನೋರು.

ನನ್ನ ವಿಷಯ ಒಂದು ಮಾತಲ್ಲಿ ಹೇಳುತ್ತೇನೆ. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟು ಅಪ್ಪನ ಕತ್ತರಿ ಹಿಡಿದವನು. ಅಪ್ಪ ಮರದಡಿ ಕೂತು ಕೆಲಸ ಮಾಡಿದರು. ನಾನು ಎರಡು ಕನ್ನಡಿ, ಒಂದು ತಿರುಗೋ ಕುರ್ಚಿ, ಶಟರ್ ಇರುವ ಅಂಗಡಿ ಮಾಡಿದೆ. ಕರೋನಾ ಬಂದು ಎಲ್ಲ ಮುಚ್ಚಿದಾಗ ಶಾಲೆ ಹತ್ತಿರ ಅಕ್ಕಿ ಬೇಳೆ ಕಿಟ್ ಕೊಟ್ಟರು. ಕೊಡುವಾಗ ಫೋಟೋ ಹಿಡಿಯುತ್ತಿದ್ದರು. ನಾನು ಹೋಗಲಿಲ್ಲ. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ನೀರು ಬಿಡೋಕೆ ಬಂದ ನೀರುಗಂಟಿಯಣ್ಣ ಅವರ ತಮ್ಮನ ಹೊಲದ ರಾಗಿ ಅಂತ ಅರ್ಧ ಚೀಲ ಗೇಟಿನ ಒಳಗಿಟ್ಟು, ಹಿಂದಕ್ಕೂ ನೋಡದೆ ಮುಂದಿನ ವಾಲ್ವ್‌ಗೆ ಹೋದರು.

ಎರಡು ತಿಂಗಳು ಹೀಗೆ ಕಳೆಯಿತು. ಅಂಗಡಿಗಳನ್ನು ಹಂತ ಹಂತವಾಗಿ ತೆಗೆಯಬಹುದು, ಹೇಗೆ ಅನ್ನೋ ಪ್ಲಾನನ್ನು ಆಯಾ ಪಂಚಾಯ್ತಿಯವರು ಮಾಡಿಕೊಳ್ಳಿ ಅಂತ ಆದೇಶ ಬಂತು. ನಮ್ಮ ಪಂಚಾಯ್ತಿ ಅಧಿಕಾರಿ ಮೇಡಂ ಒಳ್ಳೆಯವರು, ಓದಿದವರು, ಹೊಸಬರು. ಬೆಸ ಸಂಖ್ಯೆಯ ಮನೆಯವರು ಒಂದು ದಿನ, ಸರಿ ಸಂಖ್ಯೆಯವರು ಮಾರನೇ ದಿನ ಅಂಗಡಿಗೆ ಬರಬೇಕು ಅಂತ ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸಿದರು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ನಮ್ಮೂರಲ್ಲಿ ಮನೆ ನಂಬರ್ ಯಾರಿಗೆ ನೆನಪಿರುತ್ತೆ? ಅದು ಕಂದಾಯದ ರಸೀದಿಯಲ್ಲಿ, ರಸೀದಿ ಟ್ರಂಕಿನಲ್ಲಿ. ಅಣ್ಣತಮ್ಮಂದಿರು ಭಾಗವಾದ ಒಂದೇ ಮನೆಯಲ್ಲಿ ಅಣ್ಣನದು ನಲವತ್ತೊಂದು, ತಮ್ಮನದು ಇನ್ನೂರಾರು. ಅತ್ತಿಗೆ ಸಕ್ಕರೆಗೆ ಹೋಗಬಹುದು, ಓರಗಿತ್ತಿ ಹೋಗೋ ಹಾಗಿಲ್ಲ! ಮೊದಲ ದಿನವೇ ಇಡೀ ಊರು ದಿನಸಿ ಅಂಗಡಿ ಮುಂದೆ ಬಂದು ನಿಂತಿತು. ಪೊಲೀಸ್ ಜೀಪು ಬಂದು ಎಲ್ಲ ಶಟರ್ ಇಳಿಸಿತು.

ಮಾರನೇ ದಿನ ಅರಳಿಕಟ್ಟೆ ಹತ್ತಿರ ಮೀಟಿಂಗು. ದೂರ ದೂರ ಕುರ್ಚಿ ಹಾಕಿದ್ದರು. ಮುಂದೆ ಮೇಡಂ, ಮೇಜು ಹಾಕಿಕೊಂಡು ಪಂಚಾಯ್ತಿ ಅಧ್ಯಕ್ಷರು. ಮೇಡಂ ಮುಖ ಸಣ್ಣದಾಗಿತ್ತು. "ಇನ್ನೊಂದು ಸಲ ಹೀಗಾದ್ರೆ ತಾಲ್ಲೂಕಿನವರು ಊರನ್ನೇ ಸೀಲ್ ಮಾಡ್ತಾರೆ. ಆಮೇಲೆ ನನ್ ಕೈಲಿ ಏನೂ ಇರಲ್ಲ" ಅಂದರು.

ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ. ನನ್ನ ಅಂಗಡಿ ಇದ್ದ ಕಟ್ಟಡದ ಮಾಲೀಕರು ಕೋಳಿ ಅಂಗಡಿಯವನಿಗೆ ಜಾಗ ಕೊಡುವ ಮಾತಾಡುತ್ತಿದ್ದರು. "ಇನ್ನು ಯಾರಪ್ಪ ನಿನ್ ಕೈಗೆ ಮುಖ ಕೊಡ್ತಾರೆ? ಬರೋ ಬುಧವಾರದೊಳಗೆ ಒಬ್ಬ ಗಿರಾಕಿನಾದ್ರೂ ಕುರ್ಚೀಲಿ ಕೂತಿರೋದು ನಾನ್ ನೋಡ್ಬೇಕು. ಇಲ್ಲಾಂದ್ರೆ ಬೀಗದ ಕೈ ಕೊಟ್ಬಿಡು" ಅಂದಿದ್ದರು.

"ಬಾರ್ ತೆಗೆದ್ರಿ ಮೇಡಂ. ಅಲ್ಲಿ ಒಬ್ರ ಮೇಲೊಬ್ರು ಬೀಳ್ತಾವ್ರೆ. ನನ್ ಕತ್ತರಿಗೆ ಮಾತ್ರ ಬೀಗಾನಾ?" ಅಂದೆ.

ಹಿಂದಿನಿಂದ ಯಾರೋ, "ನಿನ್ನಂಗ್ಡಿ ಇಲ್ದೆ ಅಧ್ಯಕ್ಷರು ಸ್ವಾಮೀಜಿ ಆಗೋಗವ್ರೆ, ಗಡ್ಡ ನೋಡು ಗುರೂ" ಅಂದ. ಎಲ್ಲ ನಕ್ಕರು. ಅಧ್ಯಕ್ಷರು ಮಾಸ್ಕ್ ಮೇಲಕ್ಕೆ ಎಳೆದುಕೊಂಡರು. ನಾನು ನಗಲಿಲ್ಲ.

ನೀರುಗಂಟಿಯಣ್ಣ ಮೀಟಿಂಗ್‌ನಲ್ಲಿ ಯಾವತ್ತೂ ಕೂತವರಲ್ಲ. ಆವತ್ತೂ ಮರದ ಆಚೆ ಕೀ ಊರಿಕೊಂಡು ನಿಂತಿದ್ದರು. ನಗು ನಿಂತ ಮೇಲೆ ಮೆಲ್ಲಗೆ ಅಂದರು, "ಮೇಡಂ, ನೀರು ಬರೋ ದಿನ ಆ ಬೀದಿಯೋರು ಅಂಗ್ಡಿಗೆ ಬರಾಕಿಲ್ಲ. ನೀವು ಕಾಲಿಗ್ ಬಿದ್ರೂ ಬರಾಕಿಲ್ಲ."

"ಅಂದ್ರೆ?" ಅಂದರು ಮೇಡಂ.

ಇವರು ಮುಂದೆ ಬಂದು ಕೀ ತುದಿಯಿಂದ ಮಣ್ಣಲ್ಲಿ ಆರು ಗೆರೆ ಎಳೆದರು. "ಇವತ್ತು ಈ ಎರಡ್ಕೆ ನೀರು. ಇವ್ರು ಮನೇಲೇ. ನಿನ್ನೆ ಈ ಎರಡ್ಕೆ ಬಂದಿತ್ತು. ಪಾತ್ರೆ ತುಂಬವೆ, ಬಟ್ಟೆ ಒಗೆದವ್ರೆ, ಮನಸ್ಗೂ ನೆಮ್ದಿ. ಇವ್ರು ಇವತ್ತು ಅಂಗ್ಡಿಗ್ ಬರ್ಲಿ. ಉಳಿದೋರು ನಾಳೆ ನೀರಿಗೆ ಡ್ರಮ್ಮು ತೊಳ್ಕಂಡ್ ಇರ್ಲಿ. ನೀರಿನ ಮಾರನೇ ದಿನ ಅಂಗ್ಡಿ. ಇಂಗೆ ಏಳಿದ್ರೆ ಮೂರು ವರ್ಸದ ಮಗೂಗೂ ಗೊತ್ತಾಯ್ತದೆ. ನಂಬರ್ ಯಾಕೆ?"

ಮೇಡಂ ಕುರ್ಚಿಯಿಂದ ಎದ್ದು, ಸೀರೆ ಮಡಿಸಿಕೊಂಡು ಮಣ್ಣಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಆರು ಗೆರೆಯನ್ನೂ ಪುಸ್ತಕಕ್ಕೆ ಇಳಿಸಿಕೊಂಡರು. ತಲೆ ಎತ್ತಿ ನನ್ನನ್ನು ನೋಡಿ, "ಸೆಲೂನಿಗೂ ಪರ್ಮಿಷನ್ ಬಂದಿದೆ. ಇದ್ರಲ್ಲೇ ಸೇರಿಸ್ತೀನಿ. ಒಳಗೆ ಒಬ್ಬರೇ, ಟವೆಲ್ ಅವರವರದೇ" ಅಂದರು.

ಅಧ್ಯಕ್ಷರಿಗೆ ಆಗ ಉತ್ಸಾಹ ಬಂತು. "ಸರಿಯಾಯ್ತು ಬಿಡಿ. ಯಾವ ಬೀದಿಯೋರು ರೂಲ್ಸ್ ಮುರೀತಾರೋ ಆ ಬೀದಿ ವಾಲ್ವ್ ಎರಡು ಸರದಿ ಬಂದ್! ಬಾಲ ಮುದುರ್ಕೊಂಡು ಮನೇಲಿರ್ತಾರೆ."

ನೀರುಗಂಟಿಯಣ್ಣ ಇನ್ನೂ ಗೆರೆಗಳ ಹತ್ತಿರವೇ ನಿಂತಿದ್ದರು. ಆ ಉದ್ದದ ಕೀಯನ್ನು ತಂದು ಅಧ್ಯಕ್ಷರ ಮುಂದಿನ ಮೇಜಿನ ಮೇಲೆ ಅಡ್ಡ ಇಟ್ಟರು. ಟೀ ಲೋಟ ಉರುಳಿತು.

"ಅಂಗಾದ್ರೆ ನೀವೇ ಮಾಡಿ ಸ್ವಾಮಿ. ತಪ್ಪು ಮಾಡೋನು ಒಬ್ಬ, ಬಾಯಾರೋದು ಬೀದಿ. ನನ್ ಕೈಲಿ ಆಗಾಕಿಲ್ಲ."

ಮೇಡಂ ತಾವೇ ಎದ್ದು, ಎರಡು ಕೈಯಲ್ಲಿ ಆ ಕೀ ಎತ್ತಲು ಹೋದರು. ಭಾರಕ್ಕೆ ಓಲಾಡಿದರು. "ತಗೊಳ್ಳಿ ಅಣ್ಣ. ನೀರಿನ ತಂಟೆಗೆ ಯಾರೂ ಬರಲ್ಲ. ಬರ್ಕೊಡ್ತೀನಿ ಬೇಕಾದ್ರೆ" ಅಂದರು. ಮಣ್ಣಲ್ಲಿ ಎಳೆದ ಗೆರೆಗಳೇ ನಮ್ಮೂರ ಪ್ಲಾನ್ ಆಯಿತು. ಆಮೇಲೆ ಜೀಪು ಬರಲಿಲ್ಲ.

ಇಷ್ಟಾದರೂ ನನ್ನ ಕಷ್ಟ ಮುಗಿಯಲಿಲ್ಲ. ಭಾನುವಾರದ ಬಂದ್ ಕೂಡ ತೆಗೆದಿದ್ದ ವಾರ ಅದು. ಭಾನುವಾರ ಶಟರ್ ಎತ್ತಿದೆ. ಕುರ್ಚಿ ತೊಳೆದು, ಕತ್ತರಿ ಕುದಿಸಿ, ಬಾಗಿಲಲ್ಲಿ ಬಕೆಟ್ಟು ಸೋಪು ಇಟ್ಟು ಕೂತೆ. ಒಂದು ನರಪಿಳ್ಳೆ ಇಲ್ಲ. ಗಡ್ಡ ಎದೆಗಿಳಿದವರೂ ಕೈ ಬೀಸಿ ಮುಂದೆ ಹೋದರು. ಅಲ್ಲೇ ಎದುರಿನ ಹಾಲಿನ ಡೈರಿ ಕಟ್ಟೆಯ ಮೇಲೆ ಮಾಲೀಕರು ಕಾಲಾಡಿಸಿಕೊಂಡು ಕೂತಿದ್ದರು.

ಸಂಜೆ ನೀರುಗಂಟಿಯಣ್ಣನನ್ನು ಟ್ಯಾಂಕ್ ಹತ್ತಿರ ಹಿಡಿದೆ. "ಅಣ್ಣ, ನಾಳೆ ಬೆಳಿಗ್ಗೆ ಬಂದು ಒಂದು ಸಲ ಕೂತ್ಕೊಳ್ಳಿ. ನೀವು ಕೂತ್ರೆ ಊರು ಬರುತ್ತೆ."

ಅವರು ಬೆರಳು ಮಡಿಸಿದರು. "ನಮ್ ಬೀದಿಗೆ ನಾಳೆ ನೀರು. ನಂದು ಮಂಗಳವಾರ ಕಣಪ್ಪ."

ಮಂಗಳವಾರ! ನಮ್ಮ ಕಸುಬಿಗೆ ರಜೆಯ ದಿನ. ಆವತ್ತು ಕತ್ತರಿ ಮುಟ್ಟುವಂತಿಲ್ಲ. ಅಪ್ಪ ಮುಟ್ಟಿರಲಿಲ್ಲ, ನಾನೂ ಮುಟ್ಟಿರಲಿಲ್ಲ. ಊರವರೂ ಆವತ್ತು ಕೂದಲು ತೆಗೆಸಲ್ಲ. ಬುಧವಾರ ನೋಡಿದರೆ ಬೀಗದ ಕೈ.

"ಒಂದು ದಿನ ಹಿಂದೆ ಮುಂದೆ ಆದ್ರೆ ಏನಣ್ಣ? ಪ್ಲಾನ್ ಮಾಡಿದ್ದೇ ನೀವು!"

"ಅದ್ಕೇ ಬರಾಕಿಲ್ಲ."

"ನಿಮಗೇನ್ರೀ, ಪಂಚಾಯ್ತಿ ಸಂಬಳ ಬರುತ್ತೆ. ನನ್ ಅಂಗಡಿ ಹೋದ್ರೆ ನಿಮ್ ಸರದಿ ಬಂದು ಅನ್ನ ಹಾಕುತ್ತಾ?" ಅಂದುಬಿಟ್ಟೆ. ಇಪ್ಪತ್ತು ವರ್ಷದಲ್ಲಿ ಅವರ ಎದುರು ಆಡಿದ ಮೊದಲ ಒರಟು ಮಾತು. ಅವರು ಕೀ ಭುಜಕ್ಕೆ ಹಾಕಿಕೊಂಡು ಹೋದರು.

ಸೋಮವಾರವೂ ಅಂಗಡಿ ಖಾಲಿ. ಸಂಜೆ ಶಟರ್ ಇಳಿಸುವಾಗ ಯೋಚಿಸಿದೆ. ಅವರು ತಮ್ಮ ನಿಯಮ ಮುರಿಯಲ್ಲ. ನನ್ನದನ್ನು ಮುರಿದರೆ ಅಪ್ಪನಿಗೆ ಏನು ಹೇಳಲಿ? ಮನೆಗೆ ಹೋಗಿ ಅಪ್ಪನ ಫೋಟೋ ಮುಂದೆ ಕತ್ತರಿ ಇಟ್ಟು, ತಪ್ಪಾಯ್ತು ಅಂತ ಮೊದಲೇ ಕೈ ಮುಗಿದೆ.

ಮಂಗಳವಾರ ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಹೆಗಲ ಮೇಲೆ ಕೆಂಪು ಟವೆಲ್ಲು, ಕೈಯಲ್ಲಿ ಮನೆಯ ಬಾಚಣಿಗೆ.

"ತೆಗೀತೀಯೋ ಇಲ್ವೋ ಅನ್ಕಂಡಿದ್ದೆ" ಅಂದರು.

"ನೀವು ಮಂಗಳವಾರ ತೆಗೆಸ್ತೀರೋ ಇಲ್ವೋ ಅಂತ ನಾನೂ ಅಂದ್ಕೊಂಡಿದ್ದೆ."

"ನಾನು ಉಟ್ಟಿದಾಗಿಂದ ತೆಗೆಸಿಲ್ಲ. ನಿನ್ನೆಯಿಂದ ನನ್ನೆಂಡ್ತಿ ಬೈತಾನೇ ಅವ್ಳೆ." ಒಳಗೆ ಬಂದು ಕನ್ನಡಿ ಕಡೆ ಕೂರಲಿಲ್ಲ. "ಕುರ್ಚಿ ರಸ್ತೆ ಕಡೆ ತಿರುಗ್ಸು. ಡೈರಿ ಕ್ಯೂನೋರ್ಗೆಲ್ಲ ಕಾಣ್ಲಿ."

ತಿರುಗಿಸಿದೆ. ಟವೆಲ್ ಬಲಕ್ಕೆ ಜಾರಿತು, ಕ್ಲಿಪ್ ಹಾಕಿದೆ. ಹಾಲಿನ ಕ್ಯಾನ್ ಹಿಡಿದ ಮೂವತ್ತು ಜನ, ದೂರ ದೂರ ನಿಲ್ಲಲಿ ಅಂತ ಸುಣ್ಣದಲ್ಲಿ ಬರೆದ ವೃತ್ತಗಳೊಳಗೆ ನಿಂತು ನಮ್ಮನ್ನೇ ನೋಡುತ್ತಿದ್ದರು. ಮಾಲೀಕರೂ ಇದ್ದರು. ಯಾರೋ ಕೂಗಿದ, "ಏನ್ ನೀರುಗಂಟಿಯಣ್ಣ, ಮಂಗ್ಳಾರ ಮದ್ವೇನಾ?" ಇವರು ಕೊರಳು ಅಲುಗಿಸದೆ, "ಊಂ ಕಣೋ, ನಿಮ್ಮತ್ತೇನೇ ಎಣ್ಣು!" ಅಂದರು. ಕ್ಯೂ ಎಲ್ಲ ನಕ್ಕಿತು. ಆ ನಗು ನನಗೆ ಎರಡು ತಿಂಗಳ ಊಟದಷ್ಟಾಯಿತು.

ಭಾನುವಾರ ಆಡಿದ ಮಾತಿಗೆ ಕ್ಷಮೆ ಕೇಳಬೇಕು ಅಂತ ಬಾಯಿ ತೆಗೆದೆ. "ಕಿವಿ ತಾವ ನೋಡ್ಕಂಡ್ ಮಾಡು" ಅಂತ ಅಲ್ಲಿಗೇ ನಿಲ್ಲಿಸಿದರು.

ಬುಧವಾರ ನಾಲ್ಕು ಜನ ಟವೆಲ್ ಹಿಡಿದು ಬಂದರು. ನಾಲ್ಕನೆಯವರು ಮಾಲೀಕರು. ಅವರಿಗೂ ಆವತ್ತೇ ಸರದಿ. ಬೀಗದ ಕೈ ಮಾತು ಎತ್ತಲಿಲ್ಲ, ಮೀಸೆ ಮಾತ್ರ ಸಣ್ಣ ಮಾಡು ಅಂದರು.

ಮುಂದಿನ ವರ್ಷ ಕಾಯಿಲೆ ಮತ್ತೆ ಬಂತು. ಈ ಸಲ ಜೋರಾಗಿ ಬಂತು. ಅಂಗಡಿ ಮತ್ತೆ ಮುಚ್ಚಿತ್ತು. ನೀರುಗಂಟಿಯಣ್ಣನಿಗೆ ಜ್ವರ ಅಂತ ಗೊತ್ತಾಗಿ ಅವರ ಮನೆ ಮುಂದೆ ಹೋಗಿ ನಿಂತೆ. ಕೀಯನ್ನು ಗೇಟಿಗೆ ಒರಗಿಸಿಟ್ಟಿದ್ದರು. ಕಿಟಕಿಯಿಂದಲೇ, ಕೆಮ್ಮಿನ ನಡುವೆ ಹೇಳಿದರು, "ಸರ್ದಿ ನಿಂಗೊತ್ತಲ್ಲ. ಎರಡನೇ ಬೀದೀದು ಒಂಬತ್ತು ಸುತ್ತು. ನಾಲ್ಕನೇದು ಅಳೇದು, ಬಿಗಿ ಮಾಡಕ್ಕೋಗ್ಬೇಡ, ಮುರಿದೋಯ್ತದೆ. ನಾನು ಎದ್ದು ಬರೋಗಂಟ ನೋಡ್ಕೋ."

ಮೊದಲ ದಿನ ಆ ಕೀಯನ್ನು ಹೊತ್ತು ನಡೆದಾಗ ಗೊತ್ತಾಯಿತು ಎರಡು ಬೆರಳು ಹೇಗೆ ಇಳಿಯುತ್ತೆ ಅಂತ. ಒಂಬತ್ತು ದಿನ ನಾನೇ ನೀರು ಬಿಟ್ಟೆ. ಅಷ್ಟರಲ್ಲಿ ಅವರನ್ನು ಯಲಹಂಕದ ಆಸ್ಪತ್ರೆಗೆ ಸೇರಿಸಿದ್ದರು. ಹತ್ತನೇ ದಿನ ಬೆಳಿಗ್ಗೆ ಸುದ್ದಿ ಬಂತು. ಊರಿಗೆ ತರಲಿಲ್ಲ, ಅಲ್ಲಿಂದಲೇ ಚಿತಾಗಾರಕ್ಕೆ. ಮನೆಯವರು ವಾಪಸ್ ಬಂದ ಮೇಲೆ ತಲೆಗೆ ಸ್ನಾನ ಆಗಬೇಕು, ಮನೆ ತೊಳೆಯಬೇಕು. ಅವರ ಡ್ರಮ್ಮಿನಲ್ಲಿ ತಳ ಕಾಣುತ್ತಿತ್ತು. ಆವತ್ತು ನೀರು ನಮ್ಮ ಬೀದಿಯದು, ಅವರದು ಮಾರನೇ ದಿನ.

ಊರವರು ಅಂದರು, "ಯೋಚ್ನೆ ಏನೋ? ಸತ್ತೋರು ನೀರುಗಂಟಿ. ಒಂದು ಗಂಟೆ ಆರನೇ ಬೀದಿ ವಾಲ್ವ್ ತಿರುಗ್ಸು, ಯಾರು ಕೇಳ್ತಾರೆ?" ಯಾರೂ ಕೇಳುತ್ತಿರಲಿಲ್ಲ, ನಿಜ. ಕೀಯನ್ನು ಆರನೇ ಬೀದಿಯ ಗುಂಡಿವರೆಗೂ ಹೊತ್ತು ಹೋದೆ. ವಾಲ್ವ್ ಮೇಲೆ ಕೂರಿಸಿದೆ ಕೂಡ. ತಿರುಗಿಸಲು ಕೈ ಬರಲಿಲ್ಲ.

ಮನೆಗೆ ವಾಪಸ್ ಬಂದು ನಮ್ಮ ಸಂಪಿನಿಂದ ಎರಡು ಬಿಂದಿಗೆ ತುಂಬಿ ಹೊತ್ತೆ. ನನ್ನನ್ನು ನೋಡಿ ಪಕ್ಕದ ಮನೆಯವರು ಎರಡು ಹೊತ್ತರು. ಆಮೇಲೆ ಅಧ್ಯಕ್ಷರ ಮನೆಯಿಂದಲೂ ಬಂತು. ನಮ್ಮ ಬೀದಿಯ ನೀರು ಬಿಂದಿಗೆಯಲ್ಲಿ ಕೂತು ಆರನೇ ಬೀದಿಯ ಕೊನೆವರೆಗೂ ಹೋಯಿತು.

ಅವರ ಹೆಂಡತಿ ಒದ್ದೆ ಕಣ್ಣಲ್ಲಿ ಬಾಗಿಲಿಗೆ ಬಂದರು. ಬಿಂದಿಗೆ ನೋಡಿದರು, ನನ್ನ ಮುಖ ನೋಡಿದರು.

"ಇವತ್ತು ನಮ್ ಬೀದಿ ನೀರಲ್ವಲ್ಲಪ್ಪ. ಎಲ್ಲಿಂದ ತಂದೆ?"

"ನಮ್ಮನೇದು ಅಕ್ಕ."

"ನಮ್ ವಾಲ್ವ್ ತಿರುಗ್ಸಲಿಲ್ಲ ತಾನೆ?"

"ತಿರುಗ್ಸಲಿಲ್ಲ."

"ಅಂಗಾದ್ರೆ ಉಯ್ಯಿ" ಅಂದರು, ಡ್ರಮ್ಮಿನ ಮುಚ್ಚಳ ತೆಗೆದರು.