ಮಷೀನಿಗೆಂದು ಇಟ್ಟ ನೀರು

ಮುಂಬಯಿಯ ನಮ್ಮ ಆಂಟಾಪ್ ಹಿಲ್ ಚಾಳಿನಲ್ಲಿ ಬಂಡೆಪ್ಪನಷ್ಟು ದಣಿದ ಮನುಷ್ಯನನ್ನು ನಾನು ಕಂಡಿಲ್ಲ. ಅವನ ಕೆಲಸ ಕಾರು ತೊಳೆಯುವುದು. ಜೋರಾಗಿ ನೀರು ಚಿಮ್ಮುವ ಪ್ರೆಶರ್ ಮಷೀನು ಸ್ವಂತದ್ದಿದೆ. ನಳ ಮಾತ್ರ ಎಲ್ಲಿಯೂ ಇಲ್ಲ. ಅವನು ಕಾರು ತೊಳೆಯುವ ವಡಾಳಾದ ಬಿಲ್ಡಿಂಗಿನವರು ಮಷೀನಿಗೆ ಕರೆಂಟು ಕೊಡುತ್ತಾರೆ, ನೀರು ಕೊಡುವುದಿಲ್ಲ. ಕಾರಿನವರಿಗೆ ಮನಸ್ಸಿದ್ದರೂ ಸೊಸೈಟಿ ಬಿಡುವುದಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ. ಹಾಗಾಗಿ ಬೆಳಗಿನ ಜಾವ ಚಾಳಿನ ನಳಕ್ಕೆ ನೀರು ಬಂದಾಗ ಅವನು ಡ್ರಮ್ಮು ತುಂಬಿಸಿ, ಕೈಗಾಡಿಗೆ ಏರಿಸಿ, ವಡಾಳಾದವರೆಗೆ ತಳ್ಳಿಕೊಂಡು ಹೋಗುತ್ತಾನೆ. ಡ್ರಮ್ಮಿಗೆ ಪೈಪು ಇಳಿಬಿಟ್ಟರೆ ಮಷೀನು ಅದರಿಂದಲೇ ನೀರು ಎಳೆದುಕೊಳ್ಳುತ್ತದೆ. ನೋಡುವವರಿಗೆ ಕೆಲಸವೆಲ್ಲ ಮಷೀನಿನದು. ಡ್ರಮ್ಮು ಎತ್ತಿ ಎತ್ತಿ ಬಂಡೆಪ್ಪನ ಬಲಭುಜ ಹೋಗಿದೆ. ಆ ಕೈಯಿಂದ ತಲೆ ಬಾಚಿಕೊಳ್ಳಲೂ ಆಗುವುದಿಲ್ಲ.

ನಮ್ಮ ವಿಜಯಪುರದ ಕಡೆಯವರಿಗೆ ಖಂಡೇನವಮಿಯಂದು ದುಡಿಯುವ ಸಲಕರಣೆಗಳ ಪೂಜೆ. ಪೂಜೆಯಾದದ್ದನ್ನು ಮರುದಿನ ದಸರೆಗೆ ಬನ್ನಿ ಮುಡಿಯುವ ತನಕ ಯಾರೂ ಎತ್ತುವಂತಿಲ್ಲ. ಬಂಡೆಪ್ಪನ ಹೆಂಡತಿ ಹಾಲವ್ವ ವರ್ಷವಿಡೀ ಕಾಯುವುದು ಈ ದಿನಕ್ಕೆ. ಮಷೀನು ಕೂತರೆ ಗಂಡನೂ ಕೂರುತ್ತಾನೆ ಎಂಬುದು ಅವಳ ಆಸೆ. ಆದರೆ ದಸರೆಯ ಪೂಜೆಗೆಂದು ಮುಂಬಯಿಯ ಕಾರುಗಳೆಲ್ಲ ಮೈ ತೊಳೆಸಿಕೊಳ್ಳುವುದೂ ಅದೇ ಹೊತ್ತಿಗೆ.

ಸಂಜೆ ಮನೆಯಲ್ಲಿ ನೀರು ಉಳಿಯುವುದಿಲ್ಲವೆಂದು ಈ ಸಲ ಅವಳು ಖಂಡೇನವಮಿಯ ಮುಂಜಾನೆಯೇ ಒಂದು ಕ್ಯಾನು ಬೇರೆ ತುಂಬಿ ಗಾಡಿಯಲ್ಲಿಟ್ಟಳು.

“ಇದು ಮಷೀನ್ ತೊಳಿಲಾಕ್ರಿ. ಮಂದಿ ಗಾಡಿಗಿ ಹಾಕಬ್ಯಾಡ್ರಿ. ಅಲ್ಲೇ ತೊಳಕೊಂಡು ಲಗೂನ ಬರ್ರಿ, ಪೂಜಿ ಮಾಡಿ ಇವತ್ತರ ಮಲಗೀರಂತ.”

“ಹೂಂ,” ಎಂದ ಬಂಡೆಪ್ಪ.

ಆ ದಿನದ ಕೊನೆಯ ಕಾರು ಪ್ರೀತಮ್ ಎಂಬ ತರುಣನದು. ನಡೆದದ್ದನ್ನು ಆಮೇಲೆ ಬಂಡೆಪ್ಪನೇ ನನಗೆ ಹೇಳಿದ. ಕಾರಿನ ಮೈತುಂಬ ಸೋಪಿನ ನೊರೆ ಹಚ್ಚಿಯಾಗಿತ್ತು, ಅಷ್ಟರಲ್ಲಿ ಮಷೀನು ಗಾಳಿ ಎಳೆದು ಕಿರುಚಿತು. ಡ್ರಮ್ಮು ಓರೆ ಮಾಡಿ ನೋಡಿದ, ತಳದಲ್ಲೂ ನೀರಿರಲಿಲ್ಲ. ಬಿಲ್ಡಿಂಗಿನ ವಾಚ್‌ಮನ್ ದೂಜ ಮಂಗಳೂರಿನ ಕಡೆಯವನು, ಕೆಟ್ಟವನಲ್ಲ. ಬಂಡೆಪ್ಪ ಅವನನ್ನೇ ಕೇಳಿದ.

“ಒಂದ ಬಕೆಟ್ ನೀರ ಕೊಡ್ರಿ ಅಣ್ಣಾರ.”

“ನಾನು ಎಂತ ಮಾಡುದು ಮಾರಾಯ? ನಳ ಬಿಟ್ರೆ ನನ್ನ ಕೆಲಸ ಹೋಗ್ತದೆ,” ಎಂದ ದೂಜ.

“ಅಂಕಲ್, ಸೋಪ್ ಸೂಖ್ ಜಾಯೇಗಾ, ಒಣಗಿ ಹೋಗ್ತದೆ. ನಾಳೆ ಪೂಜಾ ಇದೆ,” ಎಂದ ಪ್ರೀತಮ್, ಮೊಬೈಲಿನಿಂದ ತಲೆಯೆತ್ತದೆ.

ಬಂಡೆಪ್ಪ ಹಾಲವ್ವನ ಕ್ಯಾನಿನ ಮುಚ್ಚಳ ತೆಗೆದ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು. ನನಗೆ ಈಗಲೂ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ.

ಕೆಸರು ಮೆತ್ತಿದ ಮಷೀನಿನೊಂದಿಗೆ ಚಾಳಿಗೆ ಬಂದವನು ಬಾಗಿಲ ಹೊರಗೇ ಗೋಡೆಗೊರಗಿ ಕುಳಿತ. ನಾನು ಎದುರು ಮನೆಯ ಹೊಸ್ತಿಲಲ್ಲಿದ್ದೆ. ಹಾಲವ್ವ ಕ್ಯಾನು ಎತ್ತಿ ನೋಡಿದಳು.

“ಮಂದಿ ಗಾಡಿಗೇ ಹಾಕಿದ್ರಿ?”

“ಸೋಪ್ ಹಚ್ಚಿದ್ದೆ ಹಾಲವ್ವಾ. ಹ್ಯಾಂಗ ಬಿಟ್ಟ ಬರ್ಲಿ?”

ಅವಳು ಕುಡಿಯುವ ನೀರಿನ ಕೊಡದಿಂದ ಒಂದು ಚೊಂಬು ತಂದು, ಅರಿವೆ ನೆನೆಸಿ ಮಷೀನು ಒರೆಸಿದಳು. ವಿಭೂತಿ ಹಚ್ಚಿ, ಚೆಂಡುಹೂ ಇಟ್ಟು, ಆರತಿ ತರುವಷ್ಟರಲ್ಲಿ ಬಂಡೆಪ್ಪ ಕುಳಿತಲ್ಲೇ ನಿದ್ದೆ ಹೋಗಿದ್ದ. ಆಗಲೇ ಅವನ ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು. ಹಾಲವ್ವ ತೆಗೆದು ಕಿವಿಗಿಟ್ಟಳು. ದೂಜನ ಫೋನು. ಇನ್ನೆರಡು ಕಾರುಗಳಿವೆಯಂತೆ, ನಾಳೆ ಮುಂಜಾನೆಯೇ ಬರಬೇಕಂತೆ.

ಅವಳು ದೂಜನನ್ನು ಲೈನಿನಲ್ಲೇ ಕಾಯಿಸಿ ಫೋನು ಕೆಳಗಿಟ್ಟಳು. ಗಂಡನ ಅಂಗಿ ಸರಿಸಿ, ಮೂರು ಬೆರಳುಗಳಿಂದ ಅವನ ಬಲಭುಜಕ್ಕೆ ವಿಭೂತಿ ಎಳೆದಳು. ಅದರ ಮೇಲೆ ಒಂದು ಹೂವಿಟ್ಟಳು. ಮಷೀನಿಗೂ ಅವನಿಗೂ ಸೇರಿಸಿ ಆರತಿ ಬೆಳಗಿದಳು. ಅವನಿಗೆ ಎಚ್ಚರವಾಗಲಿಲ್ಲ.

“ಬರೂದಿಲ್ರಿ ಅಣ್ಣಾರ,” ಎಂದಳು ಮತ್ತೆ ಫೋನು ಹಿಡಿದು. “ಇಬ್ಬರದೂ ಪೂಜಿ ಆಗ್ಯದ. ನಾಳಿ ಬನ್ನಿ ಮುಡಿಯೂತನಕ ಮಷೀನೂ ಎತ್ತೂಹಂಗಿಲ್ಲ, ಇವರನ್ನೂ ಎಬ್ಬಸೂಹಂಗಿಲ್ಲ.”